ಏನೂ ಇಲ್ಲ ಅಂದಮ್ಯಾಲೆ ಇದೇನು?

ಆ ದಿನ ಪೇಡೆ ತಂದವನು ನಾನೇ. ಅಕ್ಕನ ಎದೆಯ ಗಂಟಿನ ರಿಪೋರ್ಟ್ ಕೈಗೆ ಬಂದ ಅರ್ಧ ತಾಸಿನೊಳಗೆ ಒಂದು ಕಿಲೋ ಧಾರವಾಡ ಪೇಡೆ ಕಟ್ಟಿಸಿಕೊಂಡು ಹುಬ್ಬಳ್ಳಿ ಅಂಚಿನ ಗಬ್ಬೂರಿನ ಮನೆಗೆ ಓಡಿ ಬಂದೆ. ಹೊಸ್ತಿಲ ಮೇಲೆ ನಿಂತೇ ಕೂಗಿದೆ: "ಏನೂ ಇಲ್ಲಂತಬೇ ಅವ್ವಾ, ಏನೂ ಇಲ್ಲ!" ಅವ್ವ ಸಿದ್ಧಾರೂಢರ ಫೋಟೋಕ್ಕೆ ಕೈ ಮುಗಿದಳು. 19 ದಿನ ಗೋಡೆ ನೋಡುತ್ತ ಕೂತಿದ್ದ ಮಾಮಾ, ಅಕ್ಕನ ಗಂಡ, ಎದ್ದು ಅಂಗಳಕ್ಕೆ ಹೋಗಿ ಯಾರಿಗೋ ಫೋನ್ ಹಚ್ಚಿದ. ಅಕ್ಕ ಮಾತ್ರ ಪೇಡೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ಛಲೋ ಸುದ್ದಿ ಬಂದೈತಿ, ಈಗ ಯಾಕ ಅಳ್ತಿ? ಒಳ್ಳೇದಲ್ಲ ಅದು" ಎಂದು ನಾವೆಲ್ಲ ಒಂದೇ ಬಾಯಲ್ಲಿ ಗದರಿದೆವು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಅವತ್ತು ರಾತ್ರಿಯ ರೊಟ್ಟಿ ಬಡಿದವಳೂ ಅವಳೇ.

ಮೂರು ತಿಂಗಳಾದ ಮೇಲೆ ಒಂದು ಸಂಜೆ ಕಟ್ಟೆಯ ಮೇಲೆ ಕೂತಾಗ ಅವಳು ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ. "ತಮ್ಮಾ, ರಾತ್ರಿ ಬೈಪಾಸಿನ ಲಾರಿ ಸಪ್ಪಳ ನಿಲ್ಲೂದಿಲ್ಲ, ನನಗ ನಿದ್ದಿ ಹತ್ತೂದಿಲ್ಲ. ಕೈ ತಾನ ಅಲ್ಲಿಗೆ ಹೋಗತೈತಿ. ಗಂಟು ಅಲ್ಲೇ ಐತಿ. ನೀವೆಲ್ಲಾರೂ ಏನೂ ಇಲ್ಲ ಅಂತೀರಿ. ಏನೂ ಇಲ್ಲ ಅಂದಮ್ಯಾಲೆ ಇದೇನು?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ನಾಲ್ಕು ಸಾಲೂ ಇಲ್ಲದ ರಿಪೋರ್ಟನ್ನು ಓದಿ ಮನೆಗೆ ಕಳಿಸಿದ ಡಾಕ್ಟರ ಹತ್ತಿರವೂ ಇರಲಿಲ್ಲ, ಯಾಕೆಂದರೆ ಅವರಿಗೆ ಈ ಪ್ರಶ್ನೆ ಮುಟ್ಟಲೇ ಇಲ್ಲ. ದೊಡ್ಡ ಬ್ಯಾನಿಯ ಅನುಮಾನ ಬಂದು, ಪರೀಕ್ಷೆಯಾಗಿ, ಅದು ಅಲ್ಲವೆಂದು ಗೊತ್ತಾದ ಕ್ಷಣಕ್ಕೆ ಎಲ್ಲವೂ ಮುಗಿಯಿತು, ಇನ್ನು ಆ ಮನುಷ್ಯ ನಗಬೇಕು, ದೇವರಿಗೆ ಕಾಯಿ ಒಡೆಸಬೇಕು, ಕೆಲಸಕ್ಕೆ ಹೋಗಬೇಕು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ, ದವಾಖಾನೆಗಳಲ್ಲಿ, ಕಚೇರಿಗಳಲ್ಲಿ ಬೇರೂರಿ ಕೂತಿದೆ. ಅದನ್ನು ಪ್ರಶ್ನಿಸುವವರಿಲ್ಲ. ಈ ನಂಬಿಕೆ ಸುಳ್ಳು, ಕ್ರೂರ. ಇದು ಜೀವಕ್ಕೇ ಅಪಾಯ ತರುತ್ತದೆ ಎಂಬುದನ್ನೂ ಮುಂದೆ ತೋರಿಸುತ್ತೇನೆ.

ನಮ್ಮ ಅಜ್ಜಿಯರಿಗೆ ಈ ವಿಷಯ ನಮಗಿಂತ ಚೆನ್ನಾಗಿ ತಿಳಿದಿತ್ತು. ಓಣಿಯಲ್ಲಿ ನಾಯಿ ಬೆನ್ನು ಹತ್ತಿ ಕೂಸು ಚೀರಿಕೊಂಡು ಮನೆಗೆ ಓಡಿಬಂದರೆ ಅಜ್ಜಿ ಮೊದಲು ಕಾಲು ನೋಡುತ್ತಿದ್ದಳು. ಹಲ್ಲಿನ ಗುರುತು ಇಲ್ಲವೆಂದು ಖಾತ್ರಿಯಾದ ಮೇಲೆ ಅಲ್ಲಿಗೇ ಬಿಡುತ್ತಿರಲಿಲ್ಲ. ಕೂಸನ್ನು ಮಡಿಲಲ್ಲಿ ಹಾಕಿಕೊಂಡು "ಅಂಜೇತಿ ನನ್ನ ಬಂಗಾರ" ಎನ್ನುತ್ತಿದ್ದಳು. ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುತ್ತಿದ್ದಳು. ರಾತ್ರಿ ಬೆಚ್ಚಿ ಬಿದ್ದರೆ ಮರುದಿನ ದರ್ಗಾಕ್ಕೋ ಮಠಕ್ಕೋ ಕರೆದೊಯ್ದು ಅಂತ್ರ ಕಟ್ಟಿಸುತ್ತಿದ್ದಳು. ಉಪ್ಪಿನಲ್ಲಿ, ಅಂತ್ರದಲ್ಲಿ ಔಷಧವಿದೆ ಎಂದು ನಾನು ಹೇಳುತ್ತಿಲ್ಲ. ನಾಯಿ ಕಚ್ಚದಿದ್ದರೂ ಅಂಜಿಕೆಯೇ ಒಂದು ಬ್ಯಾನಿ, ಅದಕ್ಕೂ ಆರೈಕೆ ಬೇಕು ಎಂದು ಒಪ್ಪಿಕೊಂಡ ಮನೆ ಅದು. ಐದು ವರ್ಷದ ಕೂಸಿಗೆ ಕೊಟ್ಟ ಈ ಮರ್ಯಾದೆಯನ್ನು 45 ವರ್ಷದ ಹೆಂಗಸಿಗೆ ಯಾಕೆ ಕೊಡುವುದಿಲ್ಲ? ಅವಳ ಬೆನ್ನು ಹತ್ತಿದ್ದು ನಾಯಿಯಲ್ಲ, ಸಾವು. ಅದು 19 ದಿನ ಬೆನ್ನು ಹತ್ತಿತ್ತು.

ಆ 19 ದಿನಗಳಲ್ಲಿ ಏನಾಯಿತು ಎಂದು ಬಿಡಿಸಿ ಹೇಳಬೇಕು, ಯಾಕೆಂದರೆ "ಏನೂ ಇಲ್ಲ" ಅನ್ನುವವರು ಅಳಿಸಿ ಹಾಕುವುದು ಅದನ್ನೇ. ಮೊದಲ ದಿನ ಡಾಕ್ಟರು "ಅನುಮಾನ ಐತಿ, ತುಂಡು ತಗದು ಕಳಸೂಣು" ಎಂದರು. ಆ ರಾತ್ರಿ ಅಕ್ಕ ಕೇಳಿದ ಒಂದೇ ಮಾತು: "ನನ್ನ ನವನಗರಕ್ಕ ಕರ್ಕೊಂಡು ಹೋಗ್ತೀರೇನು?" ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆ ಇರುವುದು ಅಲ್ಲಿ. ರೋಗದ ಹೆಸರು ಅವಳ ಬಾಯಿಂದ ಬರಲಿಲ್ಲ, ಜಾಗದ ಹೆಸರು ಬಂತು. ನಾಲ್ಕನೇ ದಿನ ಟ್ರಂಕಿನಿಂದ ತನ್ನ ಇಳಕಲ್ ಸೀರೆಗಳನ್ನು ತೆಗೆದು, ಯಾವುದು ಮಗಳಿಗೆ, ಯಾವುದು ನಾದಿನಿಗೆ ಎಂದು ಬೇರೆ ಬೇರೆ ಇಟ್ಟಳು. ಏಳನೇ ದಿನ ಅಡುಗೆಮನೆಯ ಆಚೆಯಿಂದ ಒಂದು ಮಾತು ಅವಳ ಕಿವಿಗೆ ಬಿತ್ತು: "ಹುಡುಗಿ ಲಗ್ನ ಲಗೂನ ಮಾಡಿಬಿಡೂದು ಛಲೋ, ತಾಯಿ ಇರೂತ್ಲೆ." ಆಡಿದವರು ಕೆಟ್ಟವರಲ್ಲ, ಮನೆಯವರೇ. ಬಂಗಾರದ ಬಿಲ್ವಾರ ಗಿರವಿ ಅಂಗಡಿ ಸೇರಿತು. ಮಗಳು ಕಾಲೇಜು ಬಿಟ್ಟು ರೊಟ್ಟಿ ಬಡಿಯಲು ಕಲಿತಳು. ಮಾಮಾ, ಹೆಂಡತಿಯ ಮುಖ ನೋಡಲಾರದೆ, ರಾತ್ರಿ ಗಬ್ಬೂರ ಕ್ರಾಸಿನ ಗ್ಯಾರೇಜಿನ ಮುಂದೆ ಹೋಗಿ ಕೂರುತ್ತಿದ್ದ.

20ನೆಯ ದಿನ ಬಂದ ರಿಪೋರ್ಟು ಇವುಗಳಲ್ಲಿ ಯಾವುದನ್ನು ವಾಪಸು ಕೊಟ್ಟಿತು? ಸೀರೆಗಳು ಟ್ರಂಕಿಗೆ ಮರಳಿದವು, ನಿಜ. ಆದರೆ ತನ್ನ ಸೀರೆ ತಾನೇ ಹಂಚಿಟ್ಟ ಕೈಗೆ ಅದು ಮರೆಯುತ್ತದೆಯೇ? ತಾನಿಲ್ಲದ ಮನೆ ಹೇಗಿರುತ್ತದೆ ಎಂದು ಅವಳು ಕಣ್ಣಾರೆ ನೋಡಿಬಿಟ್ಟಿದ್ದಳು. ಯಾರು ಹತ್ತಿರ ಬಂದರು, ಯಾರು ದೂರ ಸರಿದರು, ಯಾರು ಲೆಕ್ಕ ಹಾಕಿದರು ಎಲ್ಲವೂ ಅವಳಿಗೆ ಗೊತ್ತಾಗಿತ್ತು. ಆ ತಿಳಿವಳಿಕೆಯನ್ನು ಎದೆಯಲ್ಲಿಟ್ಟುಕೊಂಡು ಅದೇ ಜನರಿಗೆ ಊಟಕ್ಕೆ ಬಡಿಸಬೇಕು. ಒಬ್ಬರಾದರೂ ಅವಳ ಹತ್ತಿರ ಕೂತು "ಆ ಮಾತು ಆಡಬಾರದಿತ್ತು, ತಪ್ಪಾತು" ಅಂದರೇ? ಇಲ್ಲ. ಯಾಕೆಂದರೆ "ಏನೂ ಇಲ್ಲ" ಎಂಬ ಮಾತು ನಮಗೆಲ್ಲ ಅನುಕೂಲವಾಗಿತ್ತು. ಅವಳ ರೋಗದ ಜೊತೆಗೆ ನಮ್ಮ ನಡತೆಯೂ ಇಲ್ಲವಾಯಿತು ಎಂದು ನಾವು ತಿಳಿದುಕೊಂಡೆವು.

ಇಂಥವರ ಬಾಯಿ ಮುಚ್ಚಿಸಲು ನಮ್ಮ ಹತ್ತಿರ ಇನ್ನೊಂದು ಆಯುಧವಿದೆ: "ಖರೇನ ಕ್ಯಾನ್ಸರ್ ಆದವರನ್ನ ನೋಡು, ಅವರ ಮುಂದ ನಿಂದೇನು?" ಈ ಮಾತು ಆಡುವವರು ತಾವು ಧೈರ್ಯ ಹೇಳುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಕೇಳುವವಳಿಗೆ ಅದು ನಾಚಿಕೆಯನ್ನು ಮಾತ್ರ ಕೊಡುತ್ತದೆ. ನಿದ್ದೆಯಿಲ್ಲ, ಜೊತೆಗೆ ನಿದ್ದೆಯಿಲ್ಲದ್ದಕ್ಕೆ ತಪ್ಪಿತಸ್ಥಳೆಂಬ ಭಾವ. ಈ ಹೋಲಿಕೆ ತಿಳಿವಳಿಕೆಗೂ ವಿರುದ್ಧ. ಡೆನ್ಮಾರ್ಕಿನ ಬ್ರೋಡರ್ಸನ್ ಮತ್ತು ಸಿಯರ್ಸ್‌ಮಾ ಎಂಬ ಸಂಶೋಧಕರು, ಸ್ತನದ ಎಕ್ಸ್‌ರೇ ಆದ ಮ್ಯಾಮೊಗ್ರಾಮಿನಲ್ಲಿ ಅನುಮಾನ ಕಂಡ 454 ಮಹಿಳೆಯರನ್ನು ಮೂರು ವರ್ಷ ಹಿಂಬಾಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಕ್ಯಾನ್ಸರ್ ಅಲ್ಲವೆಂದು ಖಚಿತವಾಗಿ ಆರು ತಿಂಗಳಾದ ಮೇಲೂ, ಮನಸ್ಸಿನ ನೆಮ್ಮದಿ ಮತ್ತು ಬದುಕನ್ನು ನೋಡುವ ರೀತಿ ಈ ಎರಡು ವಿಷಯಗಳಲ್ಲಿ, ಸುಳ್ಳು ಎಚ್ಚರಿಕೆಗೆ ಒಳಗಾದವರಲ್ಲಿ ಆದ ಬದಲಾವಣೆ ನಿಜವಾಗಿ ಕ್ಯಾನ್ಸರ್ ಆದವರಲ್ಲಿ ಆದಷ್ಟೇ ದೊಡ್ಡದಿತ್ತು. ಮೂರು ವರ್ಷ ಕಳೆದರೂ ಅವರು ಮೊದಲಿನಿಂದಲೂ ಅನುಮಾನವೇ ಬಾರದ ಮಹಿಳೆಯರ ಹಾಗೆ ಆಗಿರಲಿಲ್ಲ. ಸರ್ಕಾರವೇ ಆರೋಗ್ಯ ನೋಡಿಕೊಳ್ಳುವ, ಗಿರವಿ ಅಂಗಡಿಗೆ ಹೋಗಬೇಕಿಲ್ಲದ ದೇಶದ ಕಥೆ ಇದು. ಹಾಗಿದ್ದರೆ ನಮ್ಮ ಓಣಿಯ ಹೆಂಗಸಿಗೆ ಒಂದು ಪೇಡೆಯಲ್ಲಿ ಎಲ್ಲ ಸರಿಯಾಗಬೇಕು ಎಂದು ಯಾವ ಬಾಯಲ್ಲಿ ಕೇಳುತ್ತೇವೆ?

ಇನ್ನು ದವಾಖಾನೆಯ ಮಾತು. "ರಿಪೋರ್ಟ್ ನಾರ್ಮಲ್ ಐತಿ, ಏನೂ ಇಲ್ಲ, ಹೋಗ್ರಿ" ಎಂಬ ವಾಕ್ಯ ವೈದ್ಯಶಾಸ್ತ್ರದ ಲೆಕ್ಕದಲ್ಲೂ ತಪ್ಪು. ಅಕ್ಕನ ಎದೆಯಲ್ಲಿ ಏನೂ ಇಲ್ಲದೆ ಇರಲಿಲ್ಲ. ಅಲ್ಲಿ ಇದ್ದದ್ದು ಫೈಬ್ರೊಅಡಿನೋಮ ಎಂಬ ಗಂಟು. ಅದು ಕ್ಯಾನ್ಸರ್ ಅಲ್ಲ, ಎದೆಯ ಬಹುಪಾಲು ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ. ಆ ಹೆಸರನ್ನು ಅವಳಿಗೆ ಹೇಳಿ, "ಇದು ಕೈಗೆ ಹತ್ತುತ್ತಲೇ ಇರುತ್ತದೆ, ಹತ್ತಿದರೆ ಅಂಜಬೇಡ, ಬೆಳೆದರೆ ಬಾ, ಇಲ್ಲದಿದ್ದರೂ ಇಂಥ ತಿಂಗಳು ಬಂದು ತೋರಿಸು" ಎಂದಿದ್ದರೆ ಆ ಮಾತಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು? ಕುತ್ತಿಗೆಯ ಗಡ್ಡೆ ಕ್ಯಾನ್ಸರ್ ಎಂದು ಅಂಜಿ ಬಂದವರಲ್ಲಿ ಅದು ಟಿಬಿಯದೆಂದು ಗೊತ್ತಾಗುವುದು ನಮ್ಮ ಕಡೆ ಅಪರೂಪವಲ್ಲ. ಮನೆಯವರು ಅದನ್ನೂ "ಏನೂ ಇಲ್ಲ, ಬರೇ ಟಿಬಿ" ಎಂದು ತೇಲಿಸಿಬಿಡುತ್ತಾರೆ. ಟಿಬಿಗೆ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು, ನಡುವೆ ಬಿಡುವಂತಿಲ್ಲ.

ನಮ್ಮ ಓಣಿಯ ಲಾರಿ ಡ್ರೈವರ್ ಒಬ್ಬನ ಕೆನ್ನೆಯೊಳಗೆ ಬಿಳಿ ಮಚ್ಚೆ ಆಗಿತ್ತು. ಗುಟ್ಕಾ ಅವನ ಹಗಲು ರಾತ್ರಿಯ ಜೊತೆಗಾರ. ತುಂಡು ತೆಗೆದು ನೋಡಿದರು, ಕ್ಯಾನ್ಸರ್ ಇರಲಿಲ್ಲ. "ಏನೂ ಇಲ್ಲ" ಎಂದು ಕಳಿಸಿದರು. ಪರೀಕ್ಷೆಗೆ ಮುನ್ನ ಹೆದರಿ ಗುಟ್ಕಾ ಬಿಟ್ಟಿದ್ದವನು, ಆ ಮಾತು ಕೇಳಿದ ದಿನವೇ ಅಂಗಡಿಯ ಮುಂದೆ ಚೀಟು ಹರಿದ. ಆ ಬಿಳಿ ಮಚ್ಚೆ ಇವತ್ತು ಕ್ಯಾನ್ಸರ್ ಅಲ್ಲ. ಕೆಲವರಲ್ಲಿ ಅದು ಮುಂದೆ ಕ್ಯಾನ್ಸರ್ ಆಗುತ್ತದೆ, ತಂಬಾಕು ಬಿಡದವರಲ್ಲಿ ಅಪಾಯ ಹೆಚ್ಚು. ಅವನ ಅಂಜಿಕೆಯ ಜೊತೆ ಕೂತು ಮಾತಾಡುವವರು ಒಬ್ಬರಿದ್ದಿದ್ದರೆ ಅದೇ ಅಂಜಿಕೆ ಅವನ ಗುಟ್ಕಾ ಬಿಡಿಸುತ್ತಿತ್ತು. ಆ ಅವಕಾಶವನ್ನು ಎರಡು ಶಬ್ದ ಕೊಂದುಹಾಕಿದವು.

ಜೀವಕ್ಕೆ ಅಪಾಯ ಅಂದೆನಲ್ಲ, ಅದು ಇನ್ನೊಂದು ದಾರಿಯಿಂದಲೂ ಬರುತ್ತದೆ. ಒಮ್ಮೆ ಹೀಗೆ ಹೆದರಿ, ಹೆದರಿದ್ದನ್ನು ಯಾರೂ ಕೇಳದೆ ಒಳಗೇ ನುಂಗಿಕೊಂಡವರಲ್ಲಿ ಕೆಲವರು ಪ್ರತಿ ತಲೆನೋವಿಗೂ ಸ್ಕ್ಯಾನ್ ಮಾಡಿಸುತ್ತ ಹುಬ್ಬಳ್ಳಿಯ ಲ್ಯಾಬಿನಿಂದ ಲ್ಯಾಬಿಗೆ ತಿರುಗುತ್ತಾರೆ. ಇನ್ನು ಕೆಲವರು ದವಾಖಾನೆಯ ಕಡೆ ಮತ್ತೆ ಮುಖ ಹಾಕುವುದಿಲ್ಲ. ಈ ಎರಡನೆಯವರೇ ನನ್ನ ನಿದ್ದೆ ಕೆಡಿಸುವವರು. ಅಮೆರಿಕದಲ್ಲಿ 10 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮ್ಯಾಮೊಗ್ರಾಮ್ ದಾಖಲೆ ನೋಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೊದಲ ಸಲವೇ ಸರಿಯಿದೆ ಎನಿಸಿಕೊಂಡವರಲ್ಲಿ ನೂರಕ್ಕೆ 77 ಮಂದಿ ಮುಂದಿನ ತಪಾಸಣೆಗೆ ಬಂದರು. ಅನುಮಾನದ ಮೇಲೆ ತುಂಡು ತೆಗೆಸಿಕೊಂಡು ಆಮೇಲೆ ಕ್ಯಾನ್ಸರ್ ಅಲ್ಲ ಎನಿಸಿಕೊಂಡವರಲ್ಲಿ ಬಂದವರು 67. "ಆರು ತಿಂಗಳು ಬಿಟ್ಟು ಮತ್ತೆ ನೋಡೋಣ" ಎನಿಸಿಕೊಂಡು ತೂಗಾಡಿದವರಲ್ಲಿ 61. ಒಮ್ಮೆ ಸುಳ್ಳಾಗಿ ಹೊಡೆದ ಗಂಟೆ, ನಿಜವಾಗಿ ಹೊಡೆದಾಗ ಕೇಳದಂತಾಗುತ್ತದೆ. ಅಕ್ಕ ಕೂಡ ಅದನ್ನೇ ಅಂದಳು: "ಇನ್ನ ಸತ್ತರೂ ಹೋಗೂದಿಲ್ಲ, ತಮ್ಮಾ." ಇದನ್ನು ಕೇಳಿದ ಮೇಲೂ ಅವಳ ಮನಸ್ಸಿನ ನೋವು ಬರೀ ಮನಸ್ಸಿನದು, ತಾನಾಗಿ ಹೋಗುತ್ತದೆ ಎನ್ನುತ್ತೀರಾ?

ಸುಳ್ಳು ಎಚ್ಚರಿಕೆ ಯಾರದೋ ನಿರ್ಲಕ್ಷ್ಯದಿಂದ ಆದ ಅಪರೂಪದ ಅಪಘಾತ ಎಂದು ಭಾವಿಸಿ ಕೈ ತೊಳೆದುಕೊಳ್ಳುವವರೂ ಇದ್ದಾರೆ. ಅವರು ಒಂದು ಸಣ್ಣ ಲೆಕ್ಕ ಮಾಡಲಿ. ಸಾವಿರ ಮಂದಿಯಲ್ಲಿ ಐವರಿಗೆ ರೋಗವಿದೆ ಎಂದುಕೊಳ್ಳೋಣ. ರೋಗವಿಲ್ಲದ ನೂರು ಮಂದಿಯಲ್ಲಿ 90 ಮಂದಿಗೆ ಸರಿಯಾಗಿ "ಇಲ್ಲ" ಎನ್ನುವ ಪರೀಕ್ಷೆ ನಮ್ಮ ಹತ್ತಿರವಿದೆ ಎಂದುಕೊಳ್ಳೋಣ. ಆ ಪರೀಕ್ಷೆ ಉಳಿದ 995 ಮಂದಿಯಲ್ಲಿ ಸುಮಾರು 100 ಮಂದಿಯನ್ನು ಸುಮ್ಮನೆ ಹೆದರಿಸುತ್ತದೆ. ಐವರನ್ನು ಹಿಡಿಯಲು ನೂರು ಮಂದಿ ನಡುಗಬೇಕು. ತಪಾಸಣೆಯ ಸ್ವಭಾವವೇ ಅದು, ಅದರಲ್ಲಿ ಯಾರ ಮೋಸವೂ ಇಲ್ಲ. ನಾನು ತಪಾಸಣೆಯ ವಿರೋಧಿಯೂ ಅಲ್ಲ. 30ರಿಂದ 65 ವರ್ಷದ ಎಲ್ಲರಿಗೂ ಬಾಯಿಯ, ಆ ವಯಸ್ಸಿನ ಹೆಂಗಸರಿಗೆ ಎದೆ ಮತ್ತು ಗರ್ಭಕೋಶದ ಕಂಠದ ಕ್ಯಾನ್ಸರ್ ತಪಾಸಣೆ ಮಾಡಬೇಕೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದು ಫಾರ್ಮ್ ತುಂಬುತ್ತಾರೆ. ಇದು ಆಗಲೇಬೇಕು, ಇನ್ನೂ ಹೆಚ್ಚಾಗಿ ಆಗಬೇಕು. ಆದರೆ ಗರ್ಭಕೋಶದ ಕಂಠಕ್ಕೆ ಆಮ್ಲ ಹಚ್ಚಿ ನೋಡುವ ಪರೀಕ್ಷೆಯಲ್ಲಿ ಬರೀ ಉರಿಯೂತವಿದ್ದರೂ ಬಿಳಿ ಕಾಣಬಹುದು ಎಂದು ಆ ಮಾರ್ಗಸೂಚಿ ಬರೆದವರಿಗೆ ಗೊತ್ತು. ಎಷ್ಟೋ ಹೆಂಗಸರು ಸುಮ್ಮನೆ ಹೆದರುತ್ತಾರೆ ಎಂದು ಗೊತ್ತಿದ್ದೇ ಶುರು ಮಾಡಿದ ಕೆಲಸದಲ್ಲಿ, ಆ ಹೆದರಿಕೆಯ ಹೊಣೆಯನ್ನು ಯಾರು ಹೊರಬೇಕು? ಸಮಾಜದ ಒಳಿತಿಗಾಗಿ ಅವರನ್ನು ಸಾಲಿನಲ್ಲಿ ನಿಲ್ಲಿಸಿದೆವು. ಅವರ ಪೆಟ್ಟನ್ನು ಮಾತ್ರ ಅವರೊಬ್ಬರೇ ತಿನ್ನಬೇಕೇ?

"ಹೊರರೋಗಿ ವಿಭಾಗದಲ್ಲಿ ನೂರಾರು ಮಂದಿ ನಿಂತಿರುತ್ತಾರೆ, ಮಾತಾಡಲು ಎಲ್ಲಿದೆ ಹೊತ್ತು?" ಎಂದು ವೈದ್ಯರು ಕೇಳುತ್ತಾರೆ. ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯ ಮುಂದೆ ಬೆಳಿಗ್ಗೆ ಚಿಗರಿ ಬಸ್ಸಿನಿಂದ ಇಳಿಯುವ ಜನರನ್ನು ನೋಡಿದವರಿಗೆ ಆ ಕಷ್ಟ ಅರ್ಥವಾಗುತ್ತದೆ. ಆದರೆ ಅದೇ ಸರ್ಕಾರಿ ವ್ಯವಸ್ಥೆ ಇನ್ನೊಂದು ರೋಗದಲ್ಲಿ ಈ ಕೆಲಸವನ್ನು ವರ್ಷಗಳಿಂದ ಮಾಡಿಕೊಂಡು ಬಂದಿದೆ. ಎಚ್‌ಐವಿ ಪರೀಕ್ಷೆಗೆ ಹೋದರೆ ರಕ್ತ ಕೊಡುವ ಮುನ್ನ ಆಪ್ತಸಮಾಲೋಚಕರು ಕೂರಿಸಿ ಮಾತಾಡುತ್ತಾರೆ. ಫಲಿತಾಂಶ ಬಂದ ಮೇಲೂ ಮಾತಾಡುತ್ತಾರೆ, ಎಚ್‌ಐವಿ ಇಲ್ಲವೆಂದು ಬಂದವರ ಜೊತೆಗೂ ಮಾತಾಡುತ್ತಾರೆ. 2017ರ ಎಚ್‌ಐವಿ ಕಾಯ್ದೆ ಪರೀಕ್ಷೆಯ ಒಪ್ಪಿಗೆಯೊಳಗೇ ಈ ಸಮಾಲೋಚನೆಯನ್ನು ಸೇರಿಸಿದೆ. ಆ ಸಮಾಲೋಚಕರು ತಜ್ಞ ವೈದ್ಯರಲ್ಲ, ತರಬೇತಿ ಪಡೆದ, ಮನುಷ್ಯರ ಜೊತೆ ಮಾತಾಡಲು ಬಲ್ಲ ಜನ. ಒಂದು ರೋಗಕ್ಕೆ ಸಾಧ್ಯವಾದದ್ದು ಇನ್ನೊಂದಕ್ಕೆ ಯಾಕೆ ಸಾಧ್ಯವಿಲ್ಲ? ಅದೇ ದವಾಖಾನೆಯ ಒಂದು ಕೋಣೆಯಲ್ಲಿ "ಇಲ್ಲ" ಎಂದು ಕೇಳಿದವನಿಗೆ ಕುರ್ಚಿ ಇದೆ, ಪಕ್ಕದ ಕೋಣೆಯಲ್ಲಿ "ಇಲ್ಲ" ಎಂದು ಕೇಳಿದವಳಿಗೆ ಬಾಗಿಲು ಮಾತ್ರ ಇದೆ.

ನಮ್ಮ ನಾಲಿಗೆಯ ಮೇಲೂ ಒಂದು ಆರೋಪ ಹೊರಿಸಬೇಕು. ಈ ಭಾಗದಲ್ಲಿ ಯಾರಾದರೂ ಮನಸ್ಸು ಸರಿಯಿಲ್ಲ ಎಂದರೆ "ಧಾರವಾಡಕ್ಕ ಕಳಸೂಣೇನು?" ಎನ್ನುವುದು ರೂಢಿ. ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿದೆ, ಬ್ರಿಟಿಷರ ಕಾಲದ ಆಸ್ಪತ್ರೆಯಿಂದ ಬೆಳೆದು ಬಂದ ದೊಡ್ಡ ಸಂಸ್ಥೆ. ನಮ್ಮ ಮನೆಯಿಂದ ಎರಡು ಬಸ್ಸಿನ ದಾರಿ. ಇಷ್ಟು ಹತ್ತಿರ ಇಂಥ ಆಸರೆ ಇರುವುದು ಎಷ್ಟು ಜಿಲ್ಲೆಗಳಿಗೆ ಸಿಕ್ಕಿದ ಭಾಗ್ಯ? ನಾವು ಅದನ್ನು ಬೈಗುಳ ಮಾಡಿಕೊಂಡು ಕೂತಿದ್ದೇವೆ. ಮೂರು ತಿಂಗಳು ನಿದ್ದೆಯಿಲ್ಲದ ಅಕ್ಕನಿಗೆ ಅಲ್ಲಿಗೆ ಹೋಗೋಣ ಎಂದಾಗ ಅವಳು ಬೆಚ್ಚಿದಳು: "ನಾ ಏನ ಹುಚ್ಚಿ ಆಗೇನೇನೋ?" ಆ ಬೆಚ್ಚುವಿಕೆಯನ್ನು ಅವಳಿಗೆ ಕಲಿಸಿದವರು ನಾವು. ಕೊನೆಗೆ ಟೆಲಿಮಾನಸ್‌ನ 14416ಕ್ಕೆ ಫೋನ್ ಹಚ್ಚಿಕೊಟ್ಟೆ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ, ಕಾಸು ಕೇಳದ, ಕನ್ನಡದಲ್ಲೇ ಮಾತಾಡುವ ಸಹಾಯವಾಣಿ ಅದು. ಕೋಣೆಯ ಬಾಗಿಲು ಹಾಕಿಕೊಂಡು ಅವಳು 40 ನಿಮಿಷ ಮಾತಾಡಿದಳು. ಹೊರಗೆ ಬಂದು ನೀರು ಕುಡಿದು ಅಂದದ್ದು: "ಅಕಿ ನನ್ನ ನಡುವ ತಡೀಲಿಲ್ಲ."

ದೇವರ ಹೆಸರಿನಲ್ಲಿ ಬಾಯಿ ಕಟ್ಟುವುದನ್ನೂ ನಿಲ್ಲಿಸಬೇಕು. ಅವ್ವ ಹರಕೆ ಹೊತ್ತಿದ್ದಳು, ದೀಡ ನಮಸ್ಕಾರ ಹಾಕಿಸಿದಳು. ಅವ್ವನ ಭಕ್ತಿಗೆ ನನ್ನ ಗೌರವವಿದೆ. ಹರಕೆ ತೀರಿಸಿದ ಮೇಲೂ ದುಃಖಪಟ್ಟರೆ ಅದು ಸಿದ್ಧಾರೂಢ ಅಜ್ಜನಿಗೆ ಅಪಚಾರ ಎಂದು ಅಕ್ಕನನ್ನು ಹೆದರಿಸಿದ್ದನ್ನು ಮಾತ್ರ ಒಪ್ಪಲಾರೆ. ಹಟ್ಟಿಯ ಹೊರಗೆ ಹುಲಿ ಬಂದು ತಿರುಗಿ ಹೋದ ರಾತ್ರಿ ಆಕಳು ಹಾಲು ಕೊಡದಿದ್ದರೆ ಗೌಳಿ ಅದಕ್ಕೆ ಹೊಡೆಯುವುದಿಲ್ಲ.

ಗಿರವಿ ಅಂಗಡಿಯ ಬಿಲ್ವಾರ ಇವತ್ತಿಗೂ ಬಿಡಿಸಿಕೊಂಡಿಲ್ಲ. ಕ್ಯಾನ್ಸರ್ ಆಗಿದ್ದರೆ ಯಾವ ಯೋಜನೆ, ಯಾವ ಕಾರ್ಡು ಎಂದು ಹೇಳಲು ಹತ್ತು ಜನ ಬರುತ್ತಿದ್ದರು, ಬೀಗರು ಕೈಯಲ್ಲಿ ದುಡ್ಡು ಇಟ್ಟು ಹೋಗುತ್ತಿದ್ದರು. ಕ್ಯಾನ್ಸರ್ ಅಲ್ಲ ಎಂದು ತಿಳಿಯಲು ಮಾಡಿದ ಸಾಲಕ್ಕೆ ಯಾರೂ ವಾರಸುದಾರರಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಬೇಡುತ್ತಿಲ್ಲ, ಹಕ್ಕಿನಿಂದ ಕೇಳುತ್ತಿದ್ದೇನೆ. ವೈದ್ಯರೇ, "ಏನೂ ಇಲ್ಲ" ಎಂಬುದನ್ನು ನಿಮ್ಮ ಬಾಯಿಂದ ತೆಗೆದುಹಾಕಿ. ಇರುವುದರ ಹೆಸರು ಹೇಳಿ, ಅದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಕೊಡಿ, ಯಾವಾಗ ಮತ್ತೆ ಬರಬೇಕು ಎಂದು ತಾರೀಖು ಹಾಕಿ. ತುಂಡು ಪರೀಕ್ಷೆಗೆ ಕಳಿಸಿದ ಪ್ರತಿಯೊಬ್ಬರಿಗೂ, ಫಲಿತಾಂಶ ಏನೇ ಬರಲಿ, ಆಪ್ತಸಮಾಲೋಚಕರ ಕೋಣೆಯ ಚೀಟಿಯೂ ಸಿಗಬೇಕು. ಕಂಪನಿಗಳ, ಕಚೇರಿಗಳ ಸಾಹೇಬರೇ, ರಿಪೋರ್ಟ್ ಬಂದ ಮರುದಿನವೇ ಹಾಜರಿ ಕೇಳಬೇಡಿ. ಮನೆಯವರೇ, ಪೇಡೆ ತನ್ನಿ, ಆದರೆ ಮೊದಲು ಪಕ್ಕದಲ್ಲಿ ಕೂತು "ಬಾಳ ಅಂಜಿದ್ದೇನ?" ಎಂದು ಕೇಳಿ, ಉತ್ತರ ಮುಗಿಯುವ ತನಕ ಎದ್ದು ಹೋಗಬೇಡಿ. ಕೆಲವು ದಿನ ಒಲೆಯ ಮುಂದೆ ನೀವು ಕೂರಿ.

ಮುಂದೆ ಗಬ್ಬೂರಿನಲ್ಲಿ ತಪಾಸಣಾ ಶಿಬಿರ ಆದಾಗ ಅದರ ಬ್ಯಾನರಿನ ಮೇಲೆ ಎರಡು ತಾರೀಖು ಇರಬೇಕು. ಒಂದು ಪರೀಕ್ಷೆಯ ದಿನದ್ದು. ಇನ್ನೊಂದು ಆರು ವಾರಗಳ ನಂತರದ್ದು, ರೋಗವಿಲ್ಲ ಎನಿಸಿಕೊಂಡವರು ಬಂದು ಕೂತು ಮಾತಾಡುವ ದಿನದ್ದು. ಎರಡನೇ ತಾರೀಖು ಇಲ್ಲದ ಬ್ಯಾನರನ್ನು ನಮ್ಮ ಓಣಿಯ ಕಂಬಕ್ಕೆ ಕಟ್ಟಲು ಬಂದವರನ್ನು ನಾನು ಮತ್ತು ಅಕ್ಕ ಇಬ್ಬರೂ ನಿಂತು ವಾಪಸು ಕಳಿಸುತ್ತೇವೆ.